ಎಣ್ಣೆ ಸೋರಿತು, ‘ಆತು’ ಅಂದರು

ವಾರದಲ್ಲಿ ಎರಡು ದಿನ ನಾನು ಭಟ್ಕಳದ ಕಾಲೇಜಿಗೆ ಒಬ್ಬಳೇ ಹೋಗುವುದಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಆಯಿ, ಅಂದರೆ ನನ್ನ ಅಮ್ಮ, ಇರುತ್ತಾಳೆ. ಡಯಾಲಿಸಿಸ್‌ಗೆ ಕುಮಟೆಯಲ್ಲಿ ಸರದಿ ಸಿಗದೆ ಭಟ್ಕಳದಲ್ಲಿ ಸಿಕ್ಕಿತು. ನಾನು ತರಗತಿಯಲ್ಲಿ ವ್ಯಾಕರಣ ಹೇಳುವ ಹೊತ್ತಿಗೆ ಅವಳ ರಕ್ತ ಯಂತ್ರದೊಳಗೆ ಸುತ್ತುತ್ತಿರುತ್ತದೆ. ಸಂಜೆ ಕುಮಟೆಯ ಹತ್ತಿರದ ಬಾಡ ಎಂಬ ಊರಿನ ನಮ್ಮ ಮನೆ ಮುಟ್ಟುವವರೆಗೂ ಅವಳು ಕಾಲು ಮಡಚಿ ಮಲಗಿರುತ್ತಾಳೆ.

ಕಾರು ಕೊಳ್ಳುವ ಮೊದಲು ನಾವು ಬಸ್ಸಿನಲ್ಲಿಯೇ ಓಡಾಡಿದವರು. ಒಮ್ಮೆ ಹಿಂದಿರುಗುವಾಗ ಶರಾವತಿ ಸೇತುವೆ ದಾಟುವ ಮೊದಲೇ ಬಸ್ಸು ಕೆಟ್ಟು ನಿಂತಿತು. ಆಯಿ ಹೆದ್ದಾರಿಯ ಪಕ್ಕದ ಜಲ್ಲಿರಾಶಿಯ ಮೇಲೆ ಕುಳಿತು, ಹೋಗಿಬರುವ ಲಾರಿಗಳ ಎದುರಿಗೇ ವಾಂತಿ ಮಾಡಿಕೊಂಡಳು. ಆಮೇಲೆ ನಾನು ಹಳೆಯ ಕಾರೊಂದನ್ನು ಕೊಂಡಾಗ ಅವಳು ಹಾಕಿದ ಷರತ್ತು ಒಂದೇ: “ಮತ್ತೆ ನನ್ನ ರಸ್ತೆ ಬದಿಗೆ ಕೂರ್ಸೂದಿಲ್ಲ ಅಂದ್ರೆ ಮಾತ್ರ ಹತ್ತತೆ. ಇಲ್ಲ ಅಂದ್ರೆ ಆ ಮಷಿನ್ನೂ ಬೇಡ, ಎಂತದೂ ಬೇಡ.”

ಡಯಾಲಿಸಿಸ್ ಇಲ್ಲದ ಒಂದು ದಿನ ಹೊನ್ನಾವರದ ಗ್ಯಾರೇಜಿನಲ್ಲಿ ಕಾರನ್ನು ಸರ್ವಿಸಿಗೆ ಬಿಟ್ಟಿದ್ದೆ. ಮಧ್ಯಾಹ್ನ ಅಲ್ಲಿಯ ಸೂಪರ್‌ವೈಸರು ಫೋನು ಮಾಡಿದ. “ಅಕ್ಕೋರೇ, ಸಣ್ಣ ಆಯಿಲ್ ಲೀಕ್ ಅದೆ. ಇಂಜಿನ್ ಮೇಲಿನ ಮುಚ್ಚಳದ ಪ್ಯಾಕಿಂಗ್ ರಬ್ಬರ್ ಹೋಗ್ಯದೆ. ಹೆದ್ರೂಕೆ ಎಂತ ಇಲ್ಲ.” ಅದನ್ನೂ ಸರಿಮಾಡಿಯೇ ಕೊಡಿ ಎಂದೆ. “ಆತು” ಎಂದ. ಸಂಜೆ ಕಾರು ಒಯ್ಯಲು ಹೋದಾಗ ಆ ಲೀಕು ಏನಾಯಿತೆಂದು ಮತ್ತೆ ಕೇಳಿದೆ. ಮತ್ತೊಬ್ಬರ ಕಾರಿನ ಕೆಳಗೆ ಬಗ್ಗಿದ್ದ ಆ ಸೂಪರ್‌ವೈಸರು ತಲೆಯೆತ್ತದೆಯೇ “ಆತು ಅಕ್ಕೋರೇ, ಆತು” ಎಂದ.

ಮರುದಿನ ಬೆಳಿಗ್ಗೆ ನಮ್ಮ ಸಿಮೆಂಟಿನ ಅಂಗಳದಲ್ಲಿ, ಕಾರಿನ ಹೊಟ್ಟೆಯ ಕೆಳಗೆ, ಬಟ್ಟಲಿನಗಲದ ಕಪ್ಪು ಕಲೆ ಬಿದ್ದಿತ್ತು. ಆಯಿಗೆ ಡಯಾಲಿಸಿಸ್ ಇರುವ ದಿನ ಅದು. ಅವಳು ಚೀಲ ಹಿಡಿದು ಬಂದವಳು ಕಲೆಯನ್ನು ನೋಡಿ ನಿಂತಳು.

“ನಂಗೆ ನೀನು ನೀರು ಲೋಟದಲ್ಲಿ ಅಳ್ದು ಕೊಡ್ತೆ. ನಿನ್ ಗಾಡಿಗೆ ಮಾತ್ರ ಬೇಕಾದಂಗೆ ಸೋರೂಕೆ ಬಿಟ್ಟಿದೆ ಅಲಾ?”

ಡಯಾಲಿಸಿಸ್ ಶುರುವಾದಂದಿನಿಂದ ಅವಳು ಕುಡಿಯುವ ನೀರಿಗೂ ಮಿತಿ. ನಗೆ ಬಂದೂ ನಗಲಾಗಲಿಲ್ಲ. ಹೊನ್ನಾವರದಲ್ಲಿ ಇಳಿದು ಕೇಳುತ್ತೇನೆ, ಅಲ್ಲಿಯ ಉತ್ತರ ನಿನಗೆ ಸರಿಬಾರದಿದ್ದರೆ ಮನೆಗೆ ಹಿಂದಿರುಗೋಣ ಎಂದು ಒಪ್ಪಿಸಿದೆ. ಅವಳು ಕುಳಿತಳು. ಆದರೆ ಒರಗಲಿಲ್ಲ, ದಾರಿಯುದ್ದಕ್ಕೂ ಮುಂದಿನ ಸೀಟನ್ನು ಹಿಡಿದುಕೊಂಡೇ ಇದ್ದಳು.

ಸೂಪರ್‌ವೈಸರು ಚಹಾ ಕುಡಿಯುತ್ತಿದ್ದ. ಮಾಡದ ಕೆಲಸವನ್ನು ಆಯಿತೆಂದು ಹೇಳಿದ್ದೇಕೆ ಎಂದು ಕೇಳಿದೆ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

“ಆತು ಅಂದದ್ದು ಹೌದು. ನೀವ್ ಹೇಳದ್ದು ಕೇಳ್ತು ಅಂದೆ. ಕೆಲ್ಸ ಮುಗೀತು ಅಂತ ಯಾರ್ ಹೇಳದ್ರು? ಆ ಪ್ಯಾಕಿಂಗ್ ಹುಬ್ಬಳ್ಳಿಂದ ಬರಬೇಕು.”

ನಮ್ಮ ಕಡೆ ‘ಆತು’ ಎಂದರೆ ಮುಗಿಯಿತು ಎಂದೂ ಆಗುತ್ತದೆ, ಕೇಳಿಸಿತು ಎಂದೂ ಆಗುತ್ತದೆ, ಇನ್ನು ತಲೆ ತಿನ್ನಬೇಡಿ ಎಂದೂ ಆಗುತ್ತದೆ. ಹುಟ್ಟಿದಾಗಿನಿಂದ ಈ ಮಾತನ್ನಾಡುವ ನಾನು, ನನಗೆ ಬೇಕಾದ ಅರ್ಥವನ್ನೇ ಆರಿಸಿಕೊಂಡು ಮನೆಗೆ ಹೋಗಿದ್ದೆ. ಆದರೂ ಈ ಪದದ ಮೇಲೆ ನನಗೆ ಸಿಟ್ಟಿದೆ. ಅದರಲ್ಲಿ ಕ್ರಿಯೆ ಇದೆ, ಮಾಡಿದವರಿಲ್ಲ. ಅಗೆದು ಬಿಟ್ಟ ಹೆದ್ದಾರಿಯ ಬಗ್ಗೆ ಕೇಳಿದರೂ ಆತು, ಕುಡಿಯುವ ನೀರಿನ ಬಗ್ಗೆ ಕೇಳಿದರೂ ಆತು, ಡಯಾಲಿಸಿಸ್‌ನ ಸರದಿಗಾಗಿ ಅಲೆದಾಗಲೂ ಆತು. ಯಾರು, ಎಂದಿಗೆ ಎಂದು ಎರಡನೆಯ ಪ್ರಶ್ನೆ ಹಾಕಿದವರು ಜಗಳಗಂಟರಾಗುತ್ತಾರೆ. ವರ್ಷಗಳಿಂದ ಆ ಎರಡನೆಯ ಪ್ರಶ್ನೆಯನ್ನೇ ಕೇಳುತ್ತ ಬಂದಿದ್ದೇನೆ. ನನ್ನ ದಣಿವಿನ ಬಹುಪಾಲು ಅಲ್ಲಿಯದೇ.

“‘ನಾನು ಮಾಡಲಿಲ್ಲ’ ಅಂತ ಹೇಳಿ,” ಎಂದೆ. “‘ಇಂಥವರು ಮಾಡುತ್ತಾರೆ’ ಅಂತಲೂ ಹೇಳಿ.”

“ಎಂತ ಅಕ್ಕೋರೇ, ಇಲ್ಲೂ ಕ್ಲಾಸ್ ತಗಳ್ತ್ರಾ?”

ಕಾರಿನ ಕಿಟಕಿಯಿಂದ ಆಯಿಯ ದನಿ ಬಂತು: “ಹೇಳಿಬಿಡು ತಮ್ಮಾ. ಅವ್ಳು ಕೇಳ್ದೆ ಬಿಡೂ ಪೈಕಿ ಅಲ್ಲ. ಮನೇಲಿ ನನ್ ಪಾಡು ಇದೇಯ.”

ಅವನು ಆಯಿಯ ಕಡೆ ನೋಡಿದ. ಡಯಾಲಿಸಿಸ್ ಸೂಜಿಗಳಿಂದ ಗಂಟುಗಟ್ಟಿದ ಅವಳ ತೋಳೂ, ಸೀಟು ಹಿಡಿದ ಬೆರಳುಗಳೂ ಕಂಡಿರಬೇಕು. ಚಹಾದ ಲೋಟ ಕೆಳಗಿಟ್ಟು, “ನಾ ಮಾಡ್ಲಿಲ್ಲ,” ಎಂದ. “ಪ್ಯಾಕಿಂಗ್ ಬಂದ ಕೂಡ್ಲೆ ನಾನೇ ನಿಂತು ಹಾಕ್ಸತೆ. ಅಲ್ಲೀವರೆಗೆ ದಿನಾ ಬೆಳಿಗ್ಗೆ ಇಂಜಿನ್ನಿನ ಅಳತೆಕಡ್ಡಿ ತೆಗ್ದು ಎಣ್ಣೆ ನೋಡಿ. ಗೆರೆಗಿಂತ ಕೆಳಗ್ ಇಳೀದಿದ್ರೆ ಗಾಡಿ ನಿಲ್ಲೂದಿಲ್ಲ, ಅಮ್ಮಾ.” ಕೊನೆಯ ಮಾತನ್ನು ಅವನು ಹೇಳಿದ್ದು ಆಯಿಗೆ. ಬಾನೆಟ್ ಎತ್ತಿ ಎಣ್ಣೆಯ ಮಟ್ಟ ನೋಡಿ, ಕಡಿಮೆಯಾದಷ್ಟನ್ನು ಹೊಯ್ದು ಕೊಟ್ಟ. ನಾವು ಭಟ್ಕಳಕ್ಕೆ ಹೋಗಿಬಂದೆವು. ಬರುವಾಗ ಆಯಿ ಮಲಗಿದ್ದಳು. ನಿದ್ದೆ ಮಾತ್ರ ಮಾಡಲಿಲ್ಲ.

ಪ್ಯಾಕಿಂಗ್ ಇನ್ನೂ ಬಂದಿಲ್ಲ. ಮುಂದಿನ ಸರದಿಯ ಬೆಳಿಗ್ಗೆ ನಾನು ಕೈಯೊರೆಸಿಕೊಳ್ಳುತ್ತಿರುವಾಗ ಆಯಿ ಚೀಲ ಹಿಡಿದು ಅಂಗಳಕ್ಕಿಳಿದಳು. ಕಲೆಯ ಮೇಲೆ ಹಾಸಿದ ರಟ್ಟನ್ನು ಕಾಲ ತುದಿಯಿಂದ ಸರಿಸಿ ನೋಡಿದಳು.

“ಎಣ್ಣೆ ನೋಡಿ ಆತಾ?”

“ಆತು,” ಎಂದೆ.

ಅವಳು ಬಾಗಿಲು ತೆರೆಯಲಿಲ್ಲ.

“ಯಾರ್ ನೋಡದ್ದು?”

“ನಾನು ನೋಡಿದೆ, ಆಯಿ. ಈಗಷ್ಟೇ. ಗೆರೆಯವರೆಗೆ ಅದೆ.”

“ಹಂಗ್ ಹೇಳು,” ಎಂದು ಅವಳು ಒಳಗೆ ಕುಳಿತಳು.