ಇಬ್ಬರಿಗೊಂದು ಸೇರು ಶಕ್ತಿ

ಪಂಚಮಿಯ ಮರುದಿನ ಹಳಿಯಾಳದಲ್ಲಿ ಮಾಮಾನ ಅಂಗಳದಲ್ಲಿ ಐದು ಜನ ಇದ್ದೆವು. ಕಟ್ಟೆಯ ಮೇಲೆ ಅಜ್ಜಿ, ಬಾಗಿಲಿಗೆ ಒರಗಿ ಅವ್ವ, ಎತ್ತುವ ಗುಂಡುಕಲ್ಲಿನ ಹತ್ತಿರ ಮಾಮಾ, ತಮ್ಮ ಮತ್ತು ನಾನು. ಮಾಮಾ ಕ್ಯಾಸಲ್‌ರಾಕಿನ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಹಬ್ಬಕ್ಕಷ್ಟೇ ಊರಿಗೆ ಬರುತ್ತಿದ್ದ.

ತಮ್ಮ ಅಂದರೆ ಅರ್ಧ ತಾಸಿಗೆ ಚಿಕ್ಕವ. ಅವಳಿ ನಾವು. ಚಿಕ್ಕಂದಿನಲ್ಲಿ ಹಬ್ಬಕ್ಕೆ ಸೇರಿದಾಗ ಅಂಗಿ ಅದಲುಬದಲಾದರೆ ಅವ್ವನೇ ತಪ್ಪುತ್ತಿದ್ದಳು. ಇಬ್ಬರಿಗೂ ಎದೆಹಾಲು ಸಾಲದೆ ಅವನನ್ನು ಹಳಿಯಾಳದಲ್ಲೇ ಬಿಟ್ಟರಂತೆ. ಅಜ್ಜಿ ಎಮ್ಮೆಯ ಹಾಲು ಕುಡಿಸಿದಳು, ಮಾಮಾ ಗರಡಿಮನೆಗೆ ಹಾಕಿದ. ನಾನು ದಾಂಡೇಲಿಯಲ್ಲಿ, ಅಪ್ಪನಿಗೆ ಕಾಗದದ ಕಾರ್ಖಾನೆಯವರು ಕೊಟ್ಟ ಲೈನಿನ ಮನೆಯಲ್ಲಿ ಬೆಳೆದೆ. ಅಜ್ಜಿಯದೊಂದು ಮಾತಿತ್ತು: "ಒಂದ ಹೊಟ್ಟ್ಯಾಗ ಇಬ್ಬರು ಬಂದ್ರ ದೇವರು ಶಕ್ತಿ ಒಂದ ಸೇರ ಅಳದು ಕೊಟ್ಟಿರ್ತಾನ. ಒಬ್ಬ ಹೆಚ್ಚು ತಗೊಂಡ್ರ ಇನ್ನೊಬ್ಬಗ ಕಡಿಮಿ." ಮನೆಮಂದಿಯೆಲ್ಲ ಅದನ್ನು ನಂಬಿದರು. ತಮ್ಮ ಪೈಲ್ವಾನ ಆಗಲಿ ಅಂತ ನನ್ನ ಕೈಗೆ ನೀರಿನ ಕೊಡ ಕೂಡ ಕೊಡುತ್ತಿರಲಿಲ್ಲ. ಓಣಿಯವರು ನನ್ನನ್ನು 'ಬೆಣ್ಣಿ' ಅಂತ ಕರೆಯುತ್ತಿದ್ದರು.

ಆದರೆ ಎಂಟು ತಿಂಗಳಿಂದ ನಾನು ಗುತ್ತಿಗೆದಾರನ ಕೈಕೆಳಗೆ ಬಿದಿರು ಹೊರುತ್ತಿದ್ದೆ. ಜೋಯಿಡಾದ ಕಾಡಿನಿಂದ ಬರುವ ಲಾರಿ ಇಳಿಸಿ ಒಟ್ಟುವ ಕೆಲಸ. ಮನೆಯಲ್ಲಿ ಲಾರಿಗಳಿಗೆ ಚೀಟಿ ಕೊಡುತ್ತೇನೆ ಅಂತ ಸುಳ್ಳು ಹೇಳಿದ್ದೆ. ಮೊದಲ ವಾರ ಕಟ್ಟು ಮೊಣಕಾಲು ದಾಟಲಿಲ್ಲ. ಮಳೆ ಹಿಡಿಯುವಷ್ಟರಲ್ಲಿ ಹೆಗಲ ಮೇಲಿಟ್ಟು ಹಾಡುತ್ತ ನಡೆಯುತ್ತಿದ್ದೆ. ಅತ್ತ ದೀಪಾವಳಿಗೆ ತಮ್ಮನ ಮೊದಲ ದೊಡ್ಡ ಕುಸ್ತಿ ನಿಗದಿಯಾಗಿತ್ತು. ನಾನೆತ್ತಿದ ಒಂದೊಂದು ಕಟ್ಟೂ ಅವನ ತೋಳಿನಿಂದ ಇಳಿಯುತ್ತಿದೆಯೇನೋ ಅನ್ನಿಸುತ್ತಿತ್ತು. ಬಿಡೋಣ ಅಂತ ಮಲಗುತ್ತಿದ್ದೆ, ಬೆಳಗಾದರೆ ಕಾಲು ತಾವೇ ಬಿದಿರಿನ ಕಡೆ ನಡೆಯುತ್ತಿದ್ದವು.

ಆ ದಿನ ಅಂಗಳದಲ್ಲಿ "ಎತ್ತಲೇ" ಅಂದ ಮಾಮಾ, ತಮ್ಮನಿಗೆ. ಹೋದ ವರ್ಷ ತಮ್ಮ ಹೆಗಲಿಗೆ ಹಾಕಿದ್ದ ಕಲ್ಲು ಈ ಸಲ ತೊಡೆಯವರೆಗೆ ಬಂದು ಧೊಪ್ಪನೆ ಬಿತ್ತು. ಮತ್ತೊಮ್ಮೆ ಎತ್ತಿದ, ಅಷ್ಟೇ.

"ಕುಡದ ಹಾಲು ಎಮ್ಮಿಗೆ ವಾಪಸ್ ಕೊಡು" ಅಂದ ಮಾಮಾ.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಅಜ್ಜಿ, ನಾ ಬಿದಿರು ಹೊರಾಕತ್ತೇನಿ. ಅವನ ಪಾಲು ನಾ ತಿಂದೇನಿ" ಅಂದುಬಿಟ್ಟೆ.

ಅವ್ವ ಬಾಯಿಗೆ ಸೆರಗು ಹಿಡಿದಳು. "ಕಳ್ಳ ಮನ್ಯಾಗ ಇದ್ದ" ಅಂದಳು ಅಜ್ಜಿ.

ಮಾಮಾ ನನ್ನ ಅಂಗಿ ತೆಗೆಸಿದ. ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿ, ಸಂತೆಯಲ್ಲಿ ಎತ್ತು ನೋಡುವ ಹಾಗೆ ಹೆಗಲು ಮುಟ್ಟಿ ನೋಡಿದ. ಎಲುಬಿನ ಅಗಲ ಒಂದೇ. ಆಮೇಲೆ ತಮ್ಮನ ಅಂಗೈ ತಿರುವಿದ. ಮೆತ್ತಗಿತ್ತು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಲೆಗಳಿದ್ದವು.

"ಗರಡಿ ಬಿಟ್ಟು ಎಷ್ಟ ದಿನ ಆತು?"

"ನಾಕು ತಿಂಗಳಾತ್ರಿ ಮಾಮಾ. ಟೇಲರ್ ಅಂಗಡ್ಯಾಗ ಕುಂದರತೇನಿ. ನನಗ ಅದ ಸೇರತೈತಿ. ಅಣ್ಣನ ಮ್ಯಾಲೆ ಹಾಕಬ್ಯಾಡ್ರಿ."

ಮಾಮಾ ಅಜ್ಜಿಯ ಕಡೆ ತಿರುಗಿದ. "ಎವ್ವಾ, ನಿನ್ನ ಸೇರು ಒಡೀತು. ಎಲುವು ಇಬ್ಬರಿಗೂ ಒಂದ ನಮೂನಿ ಬಂದಾವು. ಒಬ್ಬ ಅವನ್ನ ದುಡಿಸಿದ, ಒಬ್ಬ ಕುಂದರಿಸಿದ." ನನಗೂ ಕಲ್ಲು ತೋರಿಸಿದ. ಎದೆಯವರೆಗೆ ತಂದೆ, ಅಲ್ಲಿಂದ ಹೆಗಲಿಗೆ ದಾಟಿಸುವ ಪಟ್ಟು ಗೊತ್ತಿಲ್ಲದೆ ಕಾಲ ಬುಡಕ್ಕೇ ಹಾಕಿದೆ.

"ಸೊಂಟ ಹಿಂದ ಬಾಗಸಬೇಕೋ" ಅಂದ ತಮ್ಮ.

ಅಜ್ಜಿ ಮಾತ್ರ ಒಪ್ಪಲಿಲ್ಲ. ಕುಸ್ತಿ ಮುಗಿಯುವವರೆಗೆ ಬಿದಿರು ಮುಟ್ಟಬೇಡ ಅಂದಳು. ಮಾಮಾನ ಮಾತು ಖರೆ ಅನ್ನಿಸಿದ್ದರೂ ನನಗೆ ಧೈರ್ಯ ಸಾಲಲಿಲ್ಲ, ಕೆಲಸ ಬಿಟ್ಟೆ. ಹಳಿಯಾಳದ ಕುಸ್ತಿಯವರಿಗೆ ಮಾತು ಕೊಟ್ಟಾಗಿತ್ತು, ತಮ್ಮನೂ ಮತ್ತೆ ಗರಡಿಗೆ ಹೋದ. ಆದರೆ ಹಬ್ಬದ ಹೊಲಿಗೆ ಜೋರಿತ್ತು, ಗರಡಿಗೆ ಹೋದದ್ದು ದಿನ ಬಿಟ್ಟು ದಿನ.

ದೀಪಾವಳಿಗೆ ಕುಸ್ತಿ ನಡೆಯಿತು. ಎದುರಿನವನು ಬೆವರುವ ಮೊದಲೇ ತಮ್ಮ ಚಿತ್ ಆದ. ಎದ್ದು, ಮಣ್ಣು ಝಾಡಿಸಿಕೊಂಡು, ನೇರ ಅಂಗಡಿಗೆ ಹೋಗಿ ಉಳಿದ ಅಂಗಿಗಳಿಗೆ ಗುಂಡಿ ಹಚ್ಚುತ್ತ ಕೂತ. ನಾನು ಮರುದಿನ ಮೊದಲ ಬಸ್ಸಿಗೆ ದಾಂಡೇಲಿಗೆ ಹೋಗಿ ಗುತ್ತಿಗೆದಾರನನ್ನು ಕಂಡೆ.