ಕಡಲೆ ಗಿಡದ ಹುಳಿ

ರಜಾಕಾರರ ಗಲಾಟೆಯ ಕಾಲದಲ್ಲಿ ನನ್ನ ಗಂಡ ನಿಜಾಮನ ಗಡಿ ದಾಟಿ ಸೊಲ್ಲಾಪುರದ ಕಡೆಯ ಹೋರಾಟಗಾರರ ಶಿಬಿರ ಸೇರಿದರು. ಯಾದಗಿರಿ ಹತ್ತಿರದ ಮುದನಾಳದ ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಸುರಪುರದಿಂದ ಸೊಸೆಯಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಮಗನನ್ನು ನಾನು ತಡೆಯಬೇಕಿತ್ತು ಎಂಬ ಸಿಟ್ಟಿಗೆ ಅತ್ತೆ ನನ್ನೊಡನೆ ಮಾತೇ ಬಿಟ್ಟರು. ಬೀಸುಕಲ್ಲಿನ ಸದ್ದೊಂದೇ ಮನೆಯಲ್ಲಿ ನಮ್ಮಿಬ್ಬರ ಮಾತು.

ಯಾದಗಿರಿಯ ಕಿರಾಣಿ ಅಂಗಡಿಗಳು ತೆರೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಜೀರಿಗೆ, ಮೆಣಸು, ಲವಂಗ ಒಂದೊಂದಾಗಿ ತೀರಿದವು. ಊರ ಹುಣಸೆ ಮರವೂ ಆ ಸಲ ಕಾಯಿ ಬಿಡಲಿಲ್ಲ. ಹುಳಿಯಿಲ್ಲದ ಬ್ಯಾಳಿಯನ್ನು ಅತ್ತೆ ರೊಟ್ಟಿಗೆ ಮುಟ್ಟಿಸಿ, ತಟ್ಟೆ ಸರಿಸಿ ಏಳುತ್ತಿದ್ದರು. ದಿನೇ ದಿನೇ ಸೊರಗಿದರು.

ತವರಿನಲ್ಲಿ ಚಳಿಗಾಲಕ್ಕೆ ಕಡಲೆ ಹೊಲದಿಂದ ಹುಳಿ ತರುತ್ತಿದ್ದುದು ನೆನಪಾಯಿತು. ನಸುಕಿನಲ್ಲೇ ಹೊಲಕ್ಕೆ ಹೋಗಿ, ಎಲೆಯ ಹುಳಿ ಇಬ್ಬನಿಯಲ್ಲಿ ಇಳಿದ ಗಿಡಗಳ ಮೇಲೆ ತೆಳು ಅರಿವೆ ಎಳೆದಾಡಿ, ತೊಯ್ದ ಮೇಲೆ ಗಡಿಗೆಗೆ ಹಿಂಡಿದೆ. ಬೆರಳ ಸಂದಿ ಚುರುಗುಟ್ಟಿತು. ಆ ಹುಳಿ ಹಾಕಿ ಬ್ಯಾಳಿ ಕುದಿಸಿ, ಜೀರಿಗೆಯ ಬದಲು ಹಿತ್ತಲ ದೊಡ್ಡಪತ್ರೆಯ ಎಲೆ ಹೆಚ್ಚಿ ಒಗ್ಗರಣೆ ಕೊಟ್ಟೆ.

ಅತ್ತೆ ಒಂದು ತುತ್ತು ಉಂಡು ತಲೆಯೆತ್ತಿದರು.

"ಹುಳಿ ಎಲ್ಲಿಂದ ತಂದಿ?"

"ಕಡ್ಲಿ ಹೊಲದಾಗಿಂದು, ಅತ್ತಿ."

"ಒಬ್ಬಾಕಿನ ಹೋಗಿದ್ದೇನು, ಇಂಥಾ ದಿನದಾಗ?"

"ಯಾರನ್ನ ಕರೀಲಿ?"

ಅತ್ತೆ ತಟ್ಟೆ ನನ್ನತ್ತ ಚಾಚಿದರು. ಇನ್ನೊಂದು ರೊಟ್ಟಿ ಹಾಕಿಸಿಕೊಂಡು, "ನಾಳಿ ನಾನೂ ಬರ್ತೀನಿ," ಎಂದರು.

ಆ ಚಳಿಗಾಲವೆಲ್ಲ ನಾವಿಬ್ಬರೂ ನಸುಕಿನಲ್ಲಿ ಹೊಲಕ್ಕೆ ಹೋದೆವು. ದಾರಿಯಲ್ಲಿ ಅವರು ಮಗನ ಬಾಲ್ಯದ್ದು ಹೇಳುತ್ತಿದ್ದರು. ನನಗೆ ಗೊತ್ತಿಲ್ಲದ ಗಂಡನನ್ನು ನಾನು ಹಾಗೆ ಅರಿತೆ. ಬೇಸಿಗೆಯಲ್ಲಿ ಅತ್ತೆಗೆ ಜ್ವರ ಹತ್ತಿತು, ಇಳಿಯಲಿಲ್ಲ. ಊರವರೇ ಮಣ್ಣು ಮಾಡಿದರು. ಶಿಬಿರಕ್ಕೆ ಸುದ್ದಿ ತಲುಪಿತೋ ಇಲ್ಲವೋ ತಿಳಿಯದೆ, ಮಳೆಗಾಲ ಪೂರ್ತಿ ಒಬ್ಬಳೇ ಒಲೆ ಹಚ್ಚಿದೆ.

ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿದ ಮೇಲೆ ಗಂಡ ಮರಳಿದರು. ದಾರಿಯಲ್ಲೇ ಯಾರೋ ಸಾವಿನ ಸುದ್ದಿ ಹೇಳಿದ್ದರು. ಚೀಲದಿಂದ ಲವಂಗ, ದಾಲ್ಚಿನ್ನಿಯ ಪೊಟ್ಟಣ ತೆಗೆದು ಕೊಟ್ಟು, ಗೋಡೆಗೆ ಒರಗಿ ಕುಳಿತರು.

"ಅವ್ವ ಏನ್ ಉಣ್ತಿದ್ಲು, ಕಡೀಕ?"

ನಾನು ಹೊಲ, ಅರಿವೆ, ಗಡಿಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಎದ್ದು ಹೊರಗೆ ಹೋದರು. ಮುಂದೆ ಎಷ್ಟೋ ವರ್ಷ ಕೂಡಿ ಬಾಳಿದೆವು. ಆ ವರ್ಷದ ಮಾತನ್ನು ಅವರು ಮತ್ತೆ ಕೇಳಲಿಲ್ಲ, ನನಗೂ ಹೇಳಲು ಯಾರೂ ಸಿಗಲಿಲ್ಲ.