ಕ್ರಯಪತ್ರದಲ್ಲಿ ಬರೆಯದ ಕೋಣೆ

ಟೈಲರ್ ಅತ್ತೆ ಯಾರಿಗೂ ನಿಜವಾದ ಅತ್ತೆಯಲ್ಲ, ಇಡೀ ಬೀದಿಗೆ ಅತ್ತೆ. ಎರಡೇ ಕೋಣೆಯ ಮನೆ. ಹಿಂದಿನದರಲ್ಲಿ ಅಡುಗೆ. ಬೀದಿಗೆ ಬಾಗಿಲಿದ್ದ ಮುಂದಿನದರಲ್ಲಿ ಹೊಲಿಗೆ ಮಷಿನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ನೇತುಹಾಕಿದ ಅರ್ಧಂಬರ್ಧ ಅಂಗಿಗಳು. ಓದು ಬರಹ ಅಷ್ಟಕ್ಕಷ್ಟೆ; ಟೇಪಿನ ಮೇಲಿನ ಅಂಕಿ ಓದುತ್ತಿದ್ದರು, ತಮ್ಮ ಹೆಸರು ಬರೆಯುತ್ತಿದ್ದರು. ಬಾಯಿ ಮಾತ್ರ ಕತ್ತರಿಗಿಂತ ಚುರುಕು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡವರಿಗೆ, "ಉಸಿರು ಬಿಡಿ, ಅಂಗಿ ಹಾಕ್ಕೊಂಡು ಊಟಾನೂ ಮಾಡ್ಬೇಕಲ್ಲ" ಅನ್ನುತ್ತಿದ್ದರು. ಮೂವತ್ತು ವರ್ಷ ಆ ಕೋಣೆಯಲ್ಲಿ ಹೀಗೇ ಕಳೆದವು. ಆ ಕೋಣೆ ಅವರ ಕೈತಪ್ಪಿದ್ದು ನನ್ನಿಂದ. ಅದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ನಾನಾಗ ಆಸ್ತಿ ವ್ಯವಹಾರ ನೋಡುವ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಒಂದು ಅಲ್ಪವಿರಾಮಕ್ಕೆ ಅರ್ಧ ಗಂಟೆ ಜಗಳವಾಡುವ ಮನುಷ್ಯ. ಬೆನ್ನ ಹಿಂದೆ ನಾವು ಅವರನ್ನು ಕಾಮಾ ಸಾರ್ ಅನ್ನುತ್ತಿದ್ದೆವು. ಮನೆ ಯಾರಿಂದ ಯಾರಿಗೆ ಬಂತೆಂದು ಹಳೆಯ ಪತ್ರಗಳಲ್ಲಿ ಹುಡುಕುವುದು, ನಾಲ್ಕು ದಿಕ್ಕಿನ ಗಡಿ ತಾಳೆ ನೋಡುವುದು, ಕರಡು ಬರೆಯುವುದು, ಸಹಿಗೆ ಮುಂಚೆ ಮಾರುವವರಿಗೆ ಪೂರ್ತಿ ಓದಿ ಹೇಳುವುದು, ಇಷ್ಟನ್ನು ಎರಡು ವರ್ಷ ತಲೆ ತಗ್ಗಿಸಿ ಕಲಿತಿದ್ದೆ. ನಾನೇ ಬರೆದ ಮೊದಲ ಕ್ರಯಪತ್ರ ಅತ್ತೆಯ ಮನೆಯದು. ತಂಗಿಯ ಆಪರೇಷನ್ನಿಗೆಂದು ಮನೆ ಮಾರುತ್ತಿದ್ದರು. ಷರತ್ತು ಒಂದೇ: ಬದುಕಿರುವವರೆಗೆ ಮುಂದಿನ ಕೋಣೆಯಲ್ಲಿ ತಾವೂ ಮಷಿನ್ನೂ ಇರಬೇಕು. "ಇರಿ ಅತ್ತೆ, ಯಾರು ಬೇಡ ಅಂದ್ರು" ಎಂದು ಕೊಳ್ಳುವವನು ನನ್ನೆದುರೇ ಒಪ್ಪಿದ್ದ.

ನಾನು ಅದನ್ನು ಬರೆಯಲು ಮರೆತೆ.

ನೋಂದಣಿ ಕಚೇರಿಯ ಬೆಂಚಿನ ಮೇಲೆ ಪತ್ರ ಓದಿ ಹೇಳುವಾಗಲೇ ಅದು ಹೊಳೆದದ್ದು. "ಸ್ವತ್ತನ್ನು ಈ ದಿನವೇ ಪೂರ್ತಿ ಖಾಲಿ ಮಾಡಿ ಬಿಟ್ಟುಕೊಟ್ಟಿರುತ್ತೇನೆ" ಎಂಬ ಸಾಲನ್ನು ಇನ್ಯಾವುದೋ ಪತ್ರದಿಂದ ಹಾಗೇ ಇಳಿಸಿಕೊಂಡಿದ್ದೆ. ನೋಂದಣಿಯಾದ ಪತ್ರದ ಎದುರು ಬಾಯಿಮಾತು ನಿಲ್ಲುವುದು ಕಷ್ಟವೆಂದು ಅದೇ ವಾರ ಪುಸ್ತಕದಲ್ಲಿ ಗೆರೆ ಎಳೆದುಕೊಂಡು ಓದಿದ್ದೆ. ಆ ಸಾಲನ್ನು ಗಡಗಡ ಓದಿ ದಾಟಿಬಿಟ್ಟೆ.

"ನನ್ನ ಕೋಣೆ ವಿಷ್ಯ ಬಂತಾ ಅದ್ರಲ್ಲಿ?" ಎಂದು ಅತ್ತೆ ಕೇಳಿದರು.

ಮುಂದಿನ ಸರದಿ ನಮ್ಮದು. ಕೊಳ್ಳುವವನು ಗಡಿಯಾರ ನೋಡುತ್ತಿದ್ದ. ತಪ್ಪಾಗಿದೆ ಅಂದರೆ ಪತ್ರವನ್ನು ಹೊಸದಾಗಿ ಬರೆಯಬೇಕು, ಕಾಮಾ ಸಾರ್ ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳುತ್ತಾರೆ. ಮೊದಲ ಪತ್ರಕ್ಕೇ ಮುಖಕ್ಕೆ ಮಸಿ. ನನಗೆ ನನ್ನ ಮಾನ ದೊಡ್ಡದಾಯಿತು.

"ಎಲ್ಲಾ ಬಂದಿದೆ ಅತ್ತೆ," ಅಂದೆ.

ಅವರು ಒಂದೊಂದೇ ಅಕ್ಷರ ಕೂಡಿಸಿ ಎಲ್ಲ ಪುಟಗಳಿಗೂ ಸಹಿ ಹಾಕಿದರು. ಅಷ್ಟು ಹೊತ್ತೂ ನಾನು ಬಾಯಿ ತೆರೆಯಬಹುದಿತ್ತು.

ಎಂಟು ತಿಂಗಳ ಮೇಲೆ ಪತ್ರದ ನಕಲು ಹಿಡಿದುಕೊಂಡು ಆಫೀಸಿಗೆ ಬಂದರು. ಕೊಂಡವನು ಕೋಣೆ ಬಿಡಿ ಅಂದಿದ್ದ. ಅತ್ತೆಗೆ ಸಿಟ್ಟಿತ್ತು, ಭಯವಿರಲಿಲ್ಲ.

"ಕಾಗದದಲ್ಲಿ ಇಲ್ವಂತೆ. ನಮ್ಮ ಲಾಯರಮ್ಮ ಓದಿ ಹೇಳಿದಾಳೆ, ಸುಮ್ನಿರಪ್ಪ ಅಂದೆ. ಯಾವ ಸಾಲು ಅಂತ ಪೆನ್ಸಿಲ್ಲಲ್ಲಿ ಗುರುತು ಹಾಕ್ಕೊಡು, ಅವನ ಮೂಗಿನ ಕೆಳಗೆ ಹಿಡೀತೀನಿ."

ಪುಟ ತಿರುವಿದೆ. ಇಲ್ಲದ ಸಾಲನ್ನು ಹುಡುಕುವ ನಾಟಕ. ಮೂರನೇ ಸಲ ತಿರುವುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಇದ್ರಲ್ಲಿ ಇಲ್ಲ ಅತ್ತೆ. ಬರೆಯೋದು ಮರ್ತಿದ್ದೆ. ಓದುವಾಗ ಗೊತ್ತಾಯ್ತು. ಆದ್ರೂ ಬಂದಿದೆ ಅಂದೆ."

ಪಕ್ಕದ ಮೇಜಿನಲ್ಲಿ ಕಾಮಾ ಸಾರ್ ಕನ್ನಡಕ ತೆಗೆದಿಟ್ಟರು. ನನ್ನನ್ನು ಬೈಯಲಿಲ್ಲ. "ದಾವೆ ಹಾಕೋಣಮ್ಮ. ಇವಳೇ ಸಾಕ್ಷಿ ಹೇಳಲಿ," ಅಂದರು.

"ಎಷ್ಟು ದಿನ ಆಗುತ್ತೆ ಸಾರ್?"

"ದಿನ ಅಲ್ಲ. ಏಳೆಂಟು ವರ್ಷ."

"ನನಗೀಗಲೇ ಎಪ್ಪತ್ತು," ಎಂದು ಅತ್ತೆ ನಕ್ಕರು. "ತೀರ್ಪು ಬರೋ ಹೊತ್ತಿಗೆ ಸೂಜಿ ಕಣ್ಣು ಕಾಣ್ಬೇಕಲ್ಲ."

ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಬಾಗಿಲವರೆಗೆ ಹೋದವರು ನನ್ನ ಕಡೆ ತಿರುಗಿದರು.

"ಅವತ್ತು ಸರಿಯಾಗಿ ಬರ್ಕೊಂಡು ಬರೋಕೆ ಎಷ್ಟು ಹೊತ್ತು ಹಿಡೀತಿತ್ತು?"

"ಒಂದು ಗಂಟೆ ಅತ್ತೆ."

"ಒಂದು ಗಂಟೆ," ಅಂದರು. "ಹೇಳಿದ್ರೆ ಕೂತಿರ್ತಿದ್ದೆನಲ್ಲ ಮಗಳೇ. ನನಗೇನು ಅವಸರ ಇತ್ತು?"